ಕಿವಿಯ ಮುಂದಿನ ಗಂಟು

ಉಡುಪಿ

ಪ್ರೀತಿಯ ಸುಮಾ,

ಆಶೀರ್ವಾದ. ಮನೆಯ ಸುದ್ದಿ ಅಮ್ಮ ಹೇಳಿರುತ್ತಾಳೆ, ಅದನ್ನು ಬಿಡುವ. ಮಗಳ ಕಿವಿಯ ಮುಂದಿನ ಗಂಟಿನ ಆಪರೇಷನ್ ಬಗ್ಗೆ ನೀನು ಬರೆದ ಪತ್ರದ ಒಂದು ಸಾಲು ನನಗೆ ನಿದ್ದೆ ಕೊಡಲಿಲ್ಲ: "ನರ ತುಂಡಾಗಿ ಮಗಳ ಬಾಯಿ ಸೊಟ್ಟ ಆದರೆ ಎಂತ ಮಾಡುವುದು ದೊಡ್ಡಮ್ಮ?"

ಪೈಲೋಮೇಟ್ರಿಕೋಮ ಎಂದು ಡಾಕ್ಟರು ಬರೆದದ್ದು ಕೂದಲಿನ ಬುಡದ ಕೋಶಗಳಿಂದ ಹುಟ್ಟುವ ಗಂಟು. ಅಪರೂಪದ್ದು, ಆದರೆ ಕ್ಯಾನ್ಸರ್ ಅಲ್ಲ. ಸುಣ್ಣ ಕೂಡಿಕೊಂಡು ಗಟ್ಟಿಯಾಗುತ್ತದೆ, ಮುಟ್ಟಿದರೆ ಅಕ್ಕಿಯ ಕಲ್ಲಿನ ಹಾಗೆ. ತಾನಾಗಿ ಕರಗುವುದಿಲ್ಲ, ಹಾಗಾಗಿ ತೆಗೆಸಲೇಬೇಕು.

ನಿನ್ನ ಹೆದರಿಕೆಗೆ ಬರುತ್ತೇನೆ. ಮುಖದ ಸ್ನಾಯು ಆಡಿಸುವ ನರ ಕಿವಿಯ ಮುಂದೆ ಪೆರೋಟಿಡ್ ಎಂಬ ಜೊಲ್ಲಿನ ಗ್ರಂಥಿಯೊಳಗೆ ಹೋಗುತ್ತದೆ. ಈ ಗಂಟು ಅದಕ್ಕಿಂತ ಹೊರಪದರದಲ್ಲಿ, ಚರ್ಮಕ್ಕೇ ಅಂಟಿಕೊಂಡಿರುತ್ತದೆ. ಚರ್ಮವನ್ನು ಮೆಲ್ಲ ಸರಿಸಿ ನೋಡು, ಗಂಟೂ ಜೊತೆಯಲ್ಲೇ ಬರಬೇಕು. ಚರ್ಮ ಮಾತ್ರ ಜಾರಿ ಗಂಟು ಕೆಳಗೇ ನಿಂತರೆ, ಮೊದಲು ಅಲ್ಟ್ರಾಸೌಂಡ್ ಮಾಡಿ ಆಳ ನೋಡುವ ಎಂದು ಡಾಕ್ಟರನ್ನು ಕೇಳು. ಕೇಳುವುದರಲ್ಲಿ ಸಂಕೋಚ ಬೇಡ.

ಸೂಜಿಯಿಂದ ಗಂಟಿನ ಕೋಶ ತೆಗೆದು ನೋಡುವ ಪರೀಕ್ಷೆಯಲ್ಲಿ ಕ್ಯಾನ್ಸರ್ ಸಂಶಯದ ಮಾತು ಬಂದರೆ ಕುಸಿದು ಕೂರಬೇಡ. ಈ ಗಂಟಿನ ಎಳೆ ಕೋಶಗಳಷ್ಟೇ ಸೂಜಿಗೆ ಸಿಕ್ಕಿದಾಗ ಹಾಗೆ ಆಗುವುದುಂಟು. ಪೂರ್ತಿ ಗಂಟನ್ನು ಕೆಡದಂತೆ ಫಾರ್ಮಲಿನ್ ದ್ರವದಲ್ಲಿ ಹಾಕಿ ಪೆಥಾಲಜಿ ಲ್ಯಾಬಿಗೆ ಕಳಿಸಿದ ಮೇಲಿನ ವರದಿಯೇ ಕೊನೆಯ ಮಾತು.

ಇನ್ನೊಂದು ಇದೆ, ಹೇಳದೆ ಬಿಟ್ಟರೆ ನೀನು ಬೊಬ್ಬೆ ಹಾಕುತ್ತೀ. ಮರಗಟ್ಟಲೆಂದು ಲಿಗ್ನೋಕೇನ್, ರಕ್ತ ಕಡಿಮೆ ಬರಲೆಂದು ಎಡ್ರಿನಲಿನ್, ಎರಡನ್ನೂ ಗಂಟಿನ ಸುತ್ತ ಚುಚ್ಚಿ, 7ರಿಂದ 10 ನಿಮಿಷ ಕಾದು, ನಂತರ ಕೊಯ್ಯುತ್ತಾರೆ. ಆ ಮರಗಟ್ಟುವ ಮದ್ದು ನರಕ್ಕೆ ಹರಡಿದರೆ ಕೆಲವು ಗಂಟೆ ಕಣ್ಣು ಪೂರ್ತಿ ಮುಚ್ಚದು, ತುಟಿ ಒಂದು ಬದಿಗೆ ಎಳೆದ ಹಾಗೆ ಕಾಣುತ್ತದೆ. ಮದ್ದು ಇಳಿದಾಗ ಸರಿಯಾಗುತ್ತದೆ. ಅಷ್ಟು ವರ್ಷ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದ್ದರೂ ಹೊರಗೆ ಬೆಂಚಿನಲ್ಲಿ ಕೂತ ತಾಯಂದಿರಿಗೆ ಇದನ್ನು ಮೊದಲೇ ಹೇಳಬೇಕೆಂದು ನನಗೆ ತೋಚಲಿಲ್ಲ. ಆ ಬೇಸರ ಈಗಲೂ ಉಂಟು.

ಗಂಟನ್ನು ಒಡೆಯದೆ, ಅಂಟಿದ ಚರ್ಮದ ಸಣ್ಣ ಎಲೆಯಾಕಾರದ ತುಂಡಿನ ಸಮೇತ ತೆಗೆಯಬೇಕು. ಒಡೆದರೆ ಒಳಗಿನದು ಒದ್ದೆ ಸುಣ್ಣದ ಹಾಗೆ ಉದುರುತ್ತದೆ. ಚೂರು ಉಳಿದಲ್ಲಿ ಮತ್ತೆ ಬೆಳೆಯಬಹುದು. ಎರಡನೇ ಸಲ ಕೊಯ್ಯುವಾಗ ಹಳೆಯ ಗಾಯದ ಅಂಟಿನಲ್ಲಿ ನರ ಗುರುತಿಸುವುದು ಕಷ್ಟ. ನಿನ್ನ ಹೆದರಿಕೆಗೆ ನಿಜವಾದ ಕಾರಣ ಇರುವುದು ಅಲ್ಲಿ. ಮೊದಲ ಸಲವೇ ಪೂರ್ತಿ ತೆಗೆಯಲಿ ಎಂದು ನಾನು ಹೇಳುವುದು ಅದಕ್ಕೇ.

ಮುಖದ ಹೊಲಿಗೆ 5ರಿಂದ 7 ದಿನದಲ್ಲಿ ಬಿಚ್ಚಿಸು, ಬಿಟ್ಟರೆ ಏಣಿಯ ಹಾಗೆ ಗುರುತು ಉಳಿಯುತ್ತದೆ. ಹಸಿ ಗಾಯಕ್ಕೆ ತೆಂಗಿನೆಣ್ಣೆ, ಅರಿಶಿನ ಬೇಡ. ಅಜ್ಜಿ ಹೇಳಿದರೂ ಬೇಡ. ಒಣಗಿದ ಮೇಲೆ ಡಾಕ್ಟರನ್ನು ಕೇಳಿ ಸಿಲಿಕೋನ್ ಜೆಲ್ ಹಚ್ಚು. ಮಲ್ಪೆಯ ಬಿಸಿಲಿಗೆ ಕೆಲವು ತಿಂಗಳು ಕರೆದುಕೊಂಡು ಹೋಗಬೇಡ, ಕಲೆ ಕಪ್ಪಾಗುತ್ತದೆ. ನಾನು ಹೀಗೆ ಪಟ್ಟಿ ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಆಪರೇಷನ್ ದಿನ ಸಂಜೆ ಅವಳಿಗೆ ಹಲ್ಲು ತೋರಿಸಲು ಹೇಳು, ಕಣ್ಣು ಗಟ್ಟಿ ಮುಚ್ಚಲು ಹೇಳು, ಹುಬ್ಬು ಎತ್ತಲು ಹೇಳು. ಎರಡೂ ಬದಿ ಒಂದೇ ಹಾಗಿದ್ದರೆ ನನಗೆ ಫೋನ್ ಮಾಡು. ಇಲ್ಲದಿದ್ದರೆ ಡ್ಯೂಟಿ ಡಾಕ್ಟರನ್ನು ಕರೆ, ಆಮೇಲೆ ನನಗೆ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ.

ನಿನ್ನ ದೊಡ್ಡಮ್ಮ