ಮುಂಗಾರಿಗೆ ಮೊದಲು ಆ ಬೇಲಿ ಸರಿಪಡಿಸಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಸವಿನಯ ವಂದನೆಗಳು.

ತರಬೇತಿ ವಿಮಾನಗಳು ಇಳಿಯುವ ನಮ್ಮೂರ ಏರ್‌ಸ್ಟ್ರಿಪ್‌ನ ತಂತಿ ಬೇಲಿ ನನ್ನ ಹೊಲದ ಬದುವಿಗೆ ತಾಗಿಕೊಂಡಿದೆ. ಅದರ ನಾಲ್ಕು ಕಂಬಗಳು ಮುರಿದು ಬಿದ್ದು ಆರು ವರ್ಷಗಳಾದವು. ಮೂರು ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಗಳು ನನ್ನಲ್ಲಿವೆ, ಉತ್ತರ ಒಂದಕ್ಕೂ ಬಂದಿಲ್ಲ.

ಕಳೆದ ಮಾಘದಲ್ಲಿ ನಾನು ಕಡಲೆ ಕೀಳುತ್ತಿದ್ದಾಗ ಕಂಬ ಬಿದ್ದ ಆ ಜಾಗದಿಂದಲೇ ಒಂದು ಕಾರು ಒಳಗೆ ಹೋಗಿ ರನ್‌ವೇ ನಡುವೆ ನಿಂತಿತು. ಪ್ರೀ ವೆಡ್ಡಿಂಗ್ ಶೂಟ್‌ಗೆ ಬಂದವರು. ಹುಡುಗಿ ಸೆರಗು ಹರಡಿಕೊಂಡು ನಿಂತಿದ್ದಳು, ಒಬ್ಬ ಡ್ರೋನ್ ಹಾರಿಸುತ್ತಿದ್ದ. ಅಷ್ಟರಲ್ಲಿ ಇಳಿಯಲು ಬರುತ್ತಿದ್ದ ವಿಮಾನದ ಸದ್ದು ಕೇಳಿ ನಾನು ಹೆಗಲ ಮೇಲಿನ ಟವೆಲ್ ಬೀಸುತ್ತ ಕೂಗಿಕೊಂಡು ಓಡಿದೆ. ಅವರು ನನ್ನತ್ತ ನಗುತ್ತ ಕೈ ಬೀಸಿದರು. ಪೈಲಟ್ ಕೊನೆಯ ಗಳಿಗೆಯಲ್ಲಿ ವಿಮಾನವನ್ನು ಮತ್ತೆ ಮೇಲೆತ್ತಿದ್ದರಿಂದ ಆ ದಿನ ಯಾರೂ ಸಾಯಲಿಲ್ಲ. ಅದನ್ನು ಹಾರಿಸುತ್ತಿದ್ದದ್ದು ಕಲಿಯುವ ಮಗುವಾಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ನನ್ನ ಕೈ ನಡುಗುತ್ತದೆ.

ಠಾಣೆಗೆ ಫೋನ್ ಮಾಡಿದರೆ ಅದು ಏರ್‌ಸ್ಟ್ರಿಪ್‌ನವರ ಕೆಲಸ ಎಂದರು. ಗೇಟಿನ ಕಾವಲುಗಾರ ಬೇಲಿ ಬೇರೆ ಇಲಾಖೆಯದು ಎಂದ. ಆ ಇಲಾಖೆಯಲ್ಲಿ ನನ್ನ ಅರ್ಜಿಯೇ ಸಿಗಲಿಲ್ಲ. ಸ್ವಾಮಿ, ಬೇಲಿ ಯಾರದಾದರೂ ಆಗಲಿ, ಮೊದಲು ಸರಿಪಡಿಸಿ.

ನಿಯಮಗಳು ತಮಗೆ ಗೊತ್ತಿರುವಂಥವೇ. ಡ್ರೋನ್ ಹಾರಿಸುವ ಮೊದಲು ಆ ಜಾಗಕ್ಕೆ ನಿರ್ಬಂಧವಿದೆಯೇ ಎಂದು ನಕ್ಷೆಯಲ್ಲಿ ನೋಡಬೇಕೆಂದು 2021ರ ಡ್ರೋನ್ ನಿಯಮಗಳು ಹೇಳುತ್ತವೆ. ಅದನ್ನು ತಿಳಿಸುವ ಒಂದು ಫಲಕವೂ ಇಲ್ಲಿಲ್ಲ. ಬೆಂಗಳೂರಿನಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆದಾಗ ಯಲಹಂಕದ ವಾಯುನೆಲೆಯ ಸುತ್ತಮುತ್ತ ಮಾಂಸದಂಗಡಿಗಳನ್ನು ಮುಚ್ಚಿಸುತ್ತಾರೆ, ಏಕೆಂದರೆ ಅದರ ತ್ಯಾಜ್ಯಕ್ಕೆ ಬರುವ ಹದ್ದುಗಳು ವಿಮಾನಕ್ಕೆ ಬಡಿಯುತ್ತವೆ. ವಿಮಾನ ಇಳಿಯುವ ಜಾಗದ ಹತ್ತಿರ ಪ್ರಾಣಿಗಳನ್ನು ಕಡಿಯಬಾರದು, ಕಸ ಸುರಿಯಬಾರದು ಎಂದು 1937ರ ವಿಮಾನ ನಿಯಮಗಳ 91ನೇ ನಿಯಮವೂ ಹೇಳುತ್ತದೆ. ಇಲ್ಲಿ ರನ್‌ವೇ ತುದಿಯಿಂದ ಕೂಗಳತೆಯಲ್ಲಿ ಕೋಳಿ ತ್ಯಾಜ್ಯ ಸುರಿಯುತ್ತಾರೆ. ಅಲ್ಲಿನ ಪೈಲಟ್‌ಗಳ ಜೀವಕ್ಕಿರುವ ಬೆಲೆ ಇಲ್ಲಿ ಕಲಿಯುವ ಮಕ್ಕಳ ಜೀವಕ್ಕೆ ಇಲ್ಲವೇ?

ದನ ನುಗ್ಗುವ ಜಾಗದಿಂದ ಕೆಟ್ಟ ಉದ್ದೇಶದವನೂ ನುಗ್ಗಬಹುದು. ವಿಮಾನ ನಿಲ್ಲಿಸುವ ಹ್ಯಾಂಗರ್ ಬಳಿ ರಾತ್ರಿ ಅಪರಿಚಿತರು ಸುಳಿದಾಡಿದರೆ ಮೊದಲು ಕಾಣುವುದು ಹೊಲ ಕಾಯುವ ನಮಗೇ. ಹಗಲಿರಲಿ, ರಾತ್ರಿಯಿರಲಿ, ಫೋನ್ ಎತ್ತಿಕೊಳ್ಳುವವರ ಸಂಖ್ಯೆಯೊಂದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬೇಲಿಯುದ್ದಕ್ಕೂ ಬರೆಸಿ. ಕಸ ಸುರಿಯುವುದನ್ನು ನಿಲ್ಲಿಸಿ. ಎಲ್ಲಕ್ಕಿಂತ ಮೊದಲು ಬೇಲಿ ಸರಿಪಡಿಸಿ.

ಕಂಬ ಬಿದ್ದ ಜಾಗಕ್ಕೆ ಸದ್ಯ ನಾನೇ ಜಾಲಿಮುಳ್ಳು ಒತ್ತಿದ್ದೇನೆ. ಮಳೆಗಾಲದಲ್ಲಿ ಅದು ಕೊಳೆತು ಕುಸಿಯುತ್ತದೆ. ಅಷ್ಟರೊಳಗೆ ಕಂಬ ನೆಡಿಸಿ, ತಂತಿ ಎಳೆಸಿ.

ಇಂತಿ ತಮ್ಮ ವಿಶ್ವಾಸಿ,
ಏರ್‌ಸ್ಟ್ರಿಪ್ ಪಕ್ಕದ ಹೊಲದ ರೈತ