ನಿವೃತ್ತಿಯ ನಂತರದ ಪಾಳಿ

ಮಾನ್ಯ ಸಂಪಾದಕರೇ,

1918ರ ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆಗೆ ಮೊದಲ ಮಹಾಯುದ್ಧದ ತೋಪುಗಳು ಸುಮ್ಮನಾದವು. ಬ್ರಿಟನ್ನಿನಲ್ಲಿ ಆ ದಿನದ ನೆನಪಿಗೆ ಎದೆಯ ಮೇಲೆ ಗಸಗಸೆಯ ಕೆಂಪು ಕಾಗದದ ಹೂ ಧರಿಸುತ್ತಾರೆ. ಅದರ ದೇಣಿಗೆ ಮಾಜಿ ಸೈನಿಕರ ನೆರವಿಗೆ ಸಲ್ಲುತ್ತದೆ. ಅಲ್ಲಿ ನಾನು ಕಂಡ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಚಳಿಯಲ್ಲಿ ರೈಲು ನಿಲ್ದಾಣದ ಬಾಗಿಲಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದರು. ಯಾರದಾದರೂ ಹೂ ವಾರೆಯಾಗಿದ್ದರೆ ತಾವೇ ನೆಟ್ಟಗೆ ಮಾಡುತ್ತಿದ್ದರು. ಹಳೆಯ ಶಿಸ್ತು, ಬಿಡುವುದುಂಟೇ!

ನನಗೆ ಹೆಚ್ಚು ಹಿಡಿಸಿದ್ದು ಅವರ ಉಳಿದ ಹನ್ನೊಂದು ತಿಂಗಳ ಕೆಲಸ: ಒಂಟಿಯಾಗಿರುವ ವೃದ್ಧ ಸೈನಿಕರ ಪಿಂಚಣಿ ಅರ್ಜಿ ತುಂಬುವುದು, ಅವರು ಹೇಳುವ ಅದೇ ಹಳೆಯ ಕಥೆಯನ್ನು ಹತ್ತನೇ ಸಲವೂ ಹೊಸದೆಂಬಂತೆ ಕೇಳುವುದು. ಮಾಲಾರ್ಪಣೆಯ ಚಿತ್ರಗಳ ಪಕ್ಕದಲ್ಲಿ ಇಂಥವರ ಬಗ್ಗೆಯೂ ನಾಲ್ಕು ಸಾಲು ಪ್ರಕಟಿಸಿ.

– ಒಬ್ಬ ಓದುಗ