ಅವತ್ತು ಮಂಡಿಯಲ್ಲಿ ನೀನು ಕೇಳಿದ್ದು

ತೀರ್ಥಹಳ್ಳಿ

ಪುಟ್ಟಿ,

ಹೋದ ವಾರ ಬಸ್ ಹತ್ತುವಾಗ ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪು ನನ್ನದೇ. ನೆಂಟರೆಲ್ಲ ಕೂತಿರುವಾಗ "ಮಾರ್ಕೆಟಿಂಗ್ ಅಂದ್ರೆ ಮಾರೋದು, ಅದಕ್ಕೊಂದು ಪಿಎಚ್‌ಡಿ ಬೇರೆ ಕೇಡು" ಅಂದುಬಿಟ್ಟೆ. ಮ್ಯಾನೇಜ್‌ಮೆಂಟ್ ದೊಡ್ಡ ಮನೆ, ಇದು ಅದರಲ್ಲೊಂದು ಕೋಣೆ ಅಂತಲೂ ಹೇಳಿದೆ. ನಮ್ಮ ಅಡಿಕೆ ಬೆಳೆಗಾರರ ಸಹಕಾರ ಸಂಘ ಮಾಮ್ಕೋಸ್‌ನ ಹೆಸರಲ್ಲೇ 1939ರಿಂದ ಮಾರ್ಕೆಟಿಂಗ್ ಅನ್ನೋ ಪದ ಇದೆ. ಅಲ್ಲಿಗೆ ಇಷ್ಟು ವರ್ಷ ಅಡಿಕೆ ಹಾಕಿದವನು ಆ ಮಾತಾಡಬಾರದಿತ್ತು.

ನೀನು ಬಿಟ್ಟುಹೋದ ಪುಸ್ತಕಗಳನ್ನು ನಾಲ್ಕು ರಾತ್ರಿ ಓದಿದೆ. ಟೇಲರ್ ಅನ್ನುವ ಅಮೆರಿಕದ ಎಂಜಿನಿಯರ್ ಕೈಯಲ್ಲಿ ಗಡಿಯಾರ ಹಿಡಿದು ಕೆಲಸ ಅಳೆದು, ಮ್ಯಾನೇಜ್‌ಮೆಂಟ್ ಪುಸ್ತಕ ತಂದದ್ದು 1911ರಲ್ಲಿ. ಅಮೆರಿಕದಲ್ಲಿ ಮಾರ್ಕೆಟಿಂಗ್ ಪಾಠ ಅದಕ್ಕೂ ಮೊದಲೇ ಶುರುವಾಗಿತ್ತು, ಅದೂ ಅರ್ಥಶಾಸ್ತ್ರದವರ ಕೈಯಲ್ಲಿ. ಅಂದರೆ ಕೋಣೆ ಅಲ್ಲ, ಬೇರೆಯದೇ ಮನೆ. ಮಿನ್ನೆಸೋಟಾದಲ್ಲಿ ವೆಲ್ಡ್ ಅನ್ನುವ ಮೇಷ್ಟ್ರು ರೈತರ ಬೆಣ್ಣೆ, ಮೊಟ್ಟೆಯ ಹಿಂದೆಯೇ ಹೋಗಿ, ಅದು ಯಾರ್ಯಾರ ಕೈ ದಾಟಿ ನ್ಯೂಯಾರ್ಕಿನ ಅಂಗಡಿ ಸೇರುತ್ತೆ ಅಂತ ನೋಡಿದರಂತೆ. 1916ರಲ್ಲಿ ರೈತರ ಸರಕಿನ ಮಾರಾಟದ ಮೇಲೇ ಪುಸ್ತಕ ಬರೆದರು. ಅದನ್ನು ಓದುತ್ತಾ ಲೈಟು ಆರಿಸೋದೇ ಮರೆತೆ.

ಯಾಕೆಂದರೆ ನೀನೂ ಅದನ್ನೇ ಕೇಳಿದ್ದೆ. ನಿನಗಾಗ ಎಂಟು ವರ್ಷ. ಶಿವಮೊಗ್ಗದ ಮಂಡಿ. ವ್ಯಾಪಾರಿ ನಮ್ಮ ಚೀಲದಿಂದ ಒಂದು ಹಿಡಿ ರಾಶಿ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ, ತೆಗೆದು ಅಂಗೈಯಲ್ಲಿ ಹರಡಿದರು. ಒಂದನ್ನು ಅಡಕತ್ತರಿಯಲ್ಲಿ ಸೀಳಿ, ಬೆಳಕಿಗೆ ಹಿಡಿದು, ಅಡಿಕೆ ಬೇಯಿಸಿದ ರಸದ ಬಣ್ಣ ನೋಡಿ, "ಚೊಗರು ಚೆನ್ನಾಗಿ ಹಿಡಿದಿದೆ" ಅಂದರು. ನಾನು ಉಬ್ಬಿಹೋದೆ. ನೀನು ನನ್ನ ಪಂಚೆ ಎಳೆದು, "ಅಪ್ಪಾ, ಇದನ್ನ ಯಾರು ತಿಂತಾರೆ?" ಅಂದೆ.

ನಾನು "ಸುಮ್ನಿರು" ಅಂದೆ. ದಾರಿಯುದ್ದಕ್ಕೂ ನೀನು ಮಾತಾಡಲಿಲ್ಲ. ಮಂಡಗದ್ದೆ ದಾಟಿದ ಮೇಲೆ ಮತ್ತೊಮ್ಮೆ ಕೇಳಿದೆ. ಮತ್ತೆ ಸುಮ್ನಿರು ಅಂದೆ.

ಗೊತ್ತಿರಲಿಲ್ಲ ಅಂತಲ್ಲ ಮಗಳೇ. ನಮ್ಮ ರಾಶಿ ಉತ್ತರದ ಕಡೆ ಗುಟ್ಕಾ, ಪಾನ್ ಮಸಾಲೆಗೆ ಹೋಗುತ್ತೆ ಅಂತ ಗೊತ್ತಿತ್ತು. ನಿನ್ನ ಸ್ಕೂಲ್ ಫೀಸು ಅದರಿಂದಲೇ ಬರುತ್ತಿತ್ತು. ಎಂಟು ವರ್ಷದ ಮಗುವಿಗೆ ಏನಂತ ಹೇಳಲಿ? ಈಗಲೂ ಮರದಿಂದ ಅಡಿಕೆ ಗೊನೆ ಇಳಿಸುವಾಗ, ಬೇಯಿಸುವಾಗ, ಚೀಲ ಹೊಲಿಯುವಾಗ ಆ ಪ್ರಶ್ನೆ ಬರುತ್ತೆ. ಕೆಲಸ ಅಚ್ಚುಕಟ್ಟಾಗಿ ಮಾಡಿಸೋದು ನನಗೆ ಚೆನ್ನಾಗಿ ಗೊತ್ತು. ಚೀಲದ ಆ ಕಡೆ ಇರುವ ಬಾಯಿ ನೋಡೋದು ಗೊತ್ತಾಗಲಿಲ್ಲ.

ವ್ಯಾಪಾರದ ಗುರಿ ಗಿರಾಕಿಯನ್ನು ಹುಟ್ಟಿಸೋದು ಅಂತ ಮ್ಯಾನೇಜ್‌ಮೆಂಟ್ ಪುಸ್ತಕಗಳ ಲೇಖಕ ಡ್ರಕರ್ 1954ರಲ್ಲಿ ಬರೆದಿದ್ದಾರಲ್ವಾ? ಆ ಪುಟದಲ್ಲಿ ನೀನು ಪೆನ್ಸಿಲ್ ಗೆರೆ ಎಳೆದಿದ್ದೀಯ. ನನಗೆ ಆ ಮಾತು ಹೆದರಿಕೆ ತರಿಸುತ್ತೆ. ಗುಟ್ಕಾದವರೂ ಗಿರಾಕಿಯನ್ನು ಹುಟ್ಟಿಸಿಯೇ ಹುಟ್ಟಿಸಿದರು. ನೀನು ಅದನ್ನೂ ಓದಬೇಕು. ಲೆಕ್ಕಪತ್ರ, ಜನರನ್ನು ನಡೆಸಿಕೊಳ್ಳುವ ರೀತಿ, ಅದನ್ನೂ ಬಿಡಬೇಡ. ಗೈಡ್ ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೋಡು, ಮತ್ತೆ ಶುರು ಮಾಡಿದೆ.

ಅರ್ಜಿಗೆ ಬೇಕಾದ ದುಡ್ಡು ಇವತ್ತು ಕಳಿಸಿದ್ದೀನಿ. ಪುಸ್ತಕಗಳನ್ನು ಇನ್ನೊಂದು ವಾರ ಇಟ್ಟುಕೊಳ್ಳಲಾ? ವೆಲ್ಡ್ ಮೇಷ್ಟ್ರ ಭಾಗ ಇನ್ನೂ ಮುಗಿದಿಲ್ಲ.

ನಿನ್ನ ಅಪ್ಪ